‘ಯಾರ ಜೊತೆ’ ಎಂಬ ಕಾಲಂ

ಜನ ತಮ್ಮ ದಿನವನ್ನು ಹೇಗೆ ಕಳೆಯುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಇದನ್ನೂ ಕೇಳುವವರು ಇರುತ್ತಾರಾ ಎಂದು ಮೂಗಿನ ಮೇಲೆ ಬೆರಳಿಡುವವರೇ ಹೆಚ್ಚು. “ನಿನ್ನೆ ಬೆಳಿಗ್ಗೆ ನಾಲ್ಕರಿಂದ ಇವತ್ತು ಬೆಳಿಗ್ಗೆ ನಾಲ್ಕರ ತನಕ, ಅರ್ಧರ್ಧ ಗಂಟೆಗೆ ಏನೇನು ಮಾಡಿದ್ರಿ ಹೇಳಿ” ಅಂದರೆ ಗಂಡಸರು ನಗುತ್ತಾರೆ. ಹೆಂಗಸರು ಮೊದಲು “ಏನೂ ಮಾಡ್ಲಿಲ್ಲಮ್ಮ, ಮನೇಲೇ ಇದ್ದೆ” ಅನ್ನುತ್ತಾರೆ. ಆಮೇಲೆ ಹೇಳುತ್ತ ಹೇಳುತ್ತ ಫಾರಂನ ನಲವತ್ತೆಂಟು ಸಾಲುಗಳೂ ತುಂಬಿ, ಉಳಿದದ್ದನ್ನು ಅಂಚಿನಲ್ಲಿ ಬರೆಯಬೇಕಾಗುತ್ತದೆ. ಪ್ರತಿ ಸಾಲಿಗೂ ಮೂರು ಕಾಲಂ: ಏನು ಮಾಡಿದಿರಿ, ಎಲ್ಲಿ, ಯಾರ ಜೊತೆ.

ಹನ್ನೊಂದು ವರ್ಷದಿಂದ ಇದೇ. ಬೀದಿಯವರ ಬಾಯಲ್ಲಿ ಅವಳು ‘ಸರ್ವೆಯವಳು’. ಬೆಳಿಗ್ಗೆ ಆಫೀಸಿನಲ್ಲಿ ಹಿಂದಿನ ದಿನದ ಫಾರಂಗಳ ತಪಾಸಣೆ, ಊಟವಾದ ಮೇಲೆ ಹೆಗಲಿಗೆ ಚೀಲ ಏರಿಸಿ ಬೀದಿ. ಜನ ಕೈಗೆ ಸಿಗುವುದೇ ಸಂಜೆಯಾದ್ದರಿಂದ ಏಳು ಗಂಟೆಗೆ ಮೊದಲು ಅವಳು ಮನೆ ಸೇರಿದ ದಿನಗಳು ಬೆರಳೆಣಿಕೆಯಷ್ಟು.

ಮದುವೆಗೆ ಮುಂಚೆ ಸಂಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದ್ದಳು. ಓದಿದ್ದು ಎಲ್ಲೂ ಹೋಗಿರಲಿಲ್ಲ, ಬಳಸದೆ ಇಟ್ಟ ಪಾತ್ರೆಯ ಹಾಗೆ ಒಳಗೇ ಇತ್ತು. ಎರಡು ವರ್ಷದ ಹಿಂದೆ ಹಳೆಯ ಸುತ್ತಿನ ಫಾರಂಗಳನ್ನು ಕಟ್ಟು ಕಟ್ಟಿ ಗೋದಾಮಿಗೆ ಕಳಿಸುವ ಕೆಲಸ ಅವಳ ಪಾಲಿಗೆ ಬಂತು. ಕಟ್ಟುವಾಗ ಸುಮ್ಮನೆ ಓದುವುದು ಅವಳ ಚಾಳಿ. ಓದುತ್ತ ಓದುತ್ತ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ತಾಯಿ ಕೆಲಸಕ್ಕೆ ಹೋಗುವ ಮನೆಗಳ ಮಕ್ಕಳು, ಆರರಿಂದ ಹನ್ನೆರಡು ವರ್ಷದವರು, ಸಂಜೆ ನಾಲ್ಕರಿಂದ ಏಳರ ತನಕದ ಸಾಲುಗಳಲ್ಲಿ ‘ಅಮ್ಮನ ಜೊತೆ’ ಎಂದು ಬರೆಸಿದ್ದರು. ಅದೇ ಮನೆಯ ತಾಯಿಯ ಫಾರಂ ನೋಡಿದರೆ ಆ ಹೊತ್ತಿನಲ್ಲಿ ಅವಳು ಕಾರ್ಖಾನೆಯಲ್ಲೋ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಇದ್ದಾಳೆ. ಒಂದೆರಡಲ್ಲ, ಮುನ್ನೂರ ಹದಿನೆಂಟು ಮನೆಗಳಲ್ಲಿ ಇನ್ನೂರ ಮೂರು. ಆಫೀಸಿನವರು ಅದನ್ನು ತಪ್ಪೆಂದು ಬಗೆದು ಕೆಂಪು ಶಾಯಿಯಲ್ಲಿ ತಿದ್ದಿ ಮುಗಿಸಿದ್ದರು.

ಅವಳಿಗೆ ಅದು ತಪ್ಪೆನ್ನಿಸಲಿಲ್ಲ. ಮಕ್ಕಳು ಸುಳ್ಳು ಹೇಳುತ್ತಿಲ್ಲ, ನಾವೇ ‘ಜೊತೆ’ ಅನ್ನುವುದನ್ನು ಅರ್ಥ ಮಾಡಿಕೊಂಡಿಲ್ಲ ಅನ್ನಿಸಿತು. ಮುಚ್ಚಿಟ್ಟು ಹೋದ ತಿಂಡಿ, ಗೋಡೆಗೆ ಅಂಟಿಸಿದ ಚೀಟಿ, ಐದು ಗಂಟೆಯ ಫೋನು. ಇವೆಲ್ಲ ಸೇರಿ ತಾಯಿ ದೂರವಿದ್ದರೂ ಮಗುವಿನ ಜೊತೆ ಇರುತ್ತಾಳೆ. ಲೆಕ್ಕಕ್ಕೆ ಸಿಗದ ಈ ದುಡಿಮೆಗೆ ‘ದೂರದ ಜೊತೆ’ ಎಂದು ಹೆಸರಿಟ್ಟು ಮೂವತ್ತು ಪುಟದ ಲೇಖನ ಬರೆದಳು. ಬರೆಯುವಾಗ ಕಣ್ಣಲ್ಲಿ ನೀರಾಡಿದ್ದು ಯಾರಿಗೂ ಹೇಳಲಿಲ್ಲ. ಹೊರದೇಶದ ಒಂದು ವಿಶ್ವವಿದ್ಯಾಲಯಕ್ಕೆ ಆ ಲೇಖನವನ್ನೂ ಸೇರಿಸಿ ಅರ್ಜಿ ಹಾಕಿದ್ದೇನೋ ಹಾಕಿದಳು, ಸಿಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಸಿಕ್ಕಿತು. ಅರ್ಥಶಾಸ್ತ್ರದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ. ಶುಲ್ಕವಿಲ್ಲ, ಒಂಟಿ ಜೀವಕ್ಕೆ ಸಾಲುವಷ್ಟು ವಿದ್ಯಾರ್ಥಿವೇತನ. ‘ಇಷ್ಟು ಜನ ನೋಡಿಯೂ ಕಾಣದ್ದನ್ನು ನೀವು ಕಂಡಿದ್ದೀರಿ’ ಎಂದು ಅಲ್ಲಿಯ ಪ್ರೊಫೆಸರ್ ಬೇರೆಯಾಗಿ ಒಂದು ಪತ್ರ ಬರೆದಿದ್ದರು. ತಿಂಗಳ ಹದಿನೈದರೊಳಗೆ ಬರುತ್ತೀರೋ ಇಲ್ಲವೋ ತಿಳಿಸಬೇಕು.

ಎರಡು ವರ್ಷ. ಮಗಳಿಗೆ ಒಂಬತ್ತು. ಕಡ್ಡಿಯಂತಿದ್ದುದರಿಂದ ಮನೆಯಲ್ಲಿ, ಶಾಲೆಯಲ್ಲಿ ಎಲ್ಲ ಕಡೆ ಅವಳ ಹೆಸರೇ ಕಡ್ಡಿ. ಗಂಡ ಬಸ್ ಡಿಪೋದಲ್ಲಿ ಟೈಮ್ ಕೀಪರ್, ಮಧ್ಯಾಹ್ನದ ಪಾಳಿ, ಮನೆಗೆ ಬರುವುದು ಒಂಬತ್ತಕ್ಕೆ. ಹೋಗು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. “ನೋಡು, ನಿನಗೆ ಹೆಂಗನ್ಸುತ್ತೋ” ಅಂದು ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದ. ನಾದಿನಿ ಮಾತ್ರ ಫೋನಿನಲ್ಲೇ ಕೊಂಕು ತೆಗೆದಳು: “ಮಗಳು ಓದೋ ವಯಸ್ಸಲ್ಲಿ ಅಮ್ಮ ಓದೋಕೆ ಹೊರಟಿದ್ದಾಳಂತೆ. ಅತ್ತಿಗೆ, ಜಡೆ ಹಾಕ್ಕೊಡೋಕೆ ಯಾರನ್ನಾದ್ರೂ ನೇಮಿಸಿ ಹೋಗಿ ಆಯ್ತಾ?”

ಜಡೆಯೊಂದೇ ಆಗಿದ್ದರೆ ಚಿಂತೆಯಿರಲಿಲ್ಲ. ತಾನು ಹೋದರೆ ಏನೇನು ತಪ್ಪುತ್ತದೆ ಎಂದು ಅವಳು ಬಸ್ಸಿನಲ್ಲಿ, ಮೆಟ್ಟಿಲಲ್ಲಿ, ಒಲೆಯ ಮುಂದೆ ಒಂದೊಂದಾಗಿ ಎಣಿಸುತ್ತಿದ್ದಳು. ಎಣಿಸಿ ಎಣಿಸಿ ಸುಸ್ತಾದಾಗ ಲೇಖನವೇ ಸಮಾಧಾನ ಹೇಳುತ್ತಿತ್ತು. ಕೆಲಸದಲ್ಲಿದ್ದೂ ಮಗುವಿನ ಜೊತೆ ಇರಬಹುದಾದರೆ, ಸಮುದ್ರದಾಚೆಯಿಂದಲೂ ಇರಬಹುದೇನೋ. ತಾನೇ ಬರೆದದ್ದನ್ನು ತಾನೇ ನಂಬಬಾರದೆಂದು ಎಲ್ಲಿದೆ?

ಅದೇ ವಾರ ಆಫೀಸಿಗೆ ಹೊಸ ಮಾದರಿಯ ಫಾರಂ ಬಂತು. ಹೊಸ ಫಾರಂ ಬಂದಾಗಲೆಲ್ಲ ಸಮೀಕ್ಷಕರು ಮೊದಲು ತಮ್ಮ ತಮ್ಮ ಮನೆಗಳಲ್ಲೇ ಪ್ರಯೋಗ ಮಾಡಿ ನೋಡುವುದು ಅಲ್ಲಿಯ ವಾಡಿಕೆ. ಆದರೆ ಸ್ವಂತ ಮನೆಯದನ್ನು ಸ್ವಂತದವರು ತುಂಬುವಂತಿಲ್ಲ, ಅದಲು ಬದಲು ಮಾಡಿಕೊಳ್ಳಬೇಕು. ಉತ್ತರ ಹೇಳುವಾಗ ಮನೆಯ ಬೇರೆಯವರು ಪಕ್ಕದಲ್ಲಿ ಕೂರುವಂತಿಲ್ಲ. ಅವಳ ಮನೆ ಪೆನ್ಸಿಲಕ್ಕನಿಗೆ ಬಂತು, ಪೆನ್ಸಿಲಕ್ಕನ ಮನೆ ಇವಳಿಗೆ.

ಪೆನ್ಸಿಲಕ್ಕ ಆಫೀಸಿನ ಹಿರಿಯಳು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಒಂದು ದಿನವೂ ಪೆನ್ನು ಮುಟ್ಟಿದವಳಲ್ಲ. “ಜನ ಮಾತು ಬದಲಾಯಿಸ್ತಾರೆ ಕಣೇ, ರಬ್ಬರ್ ಇದ್ರೆ ಅವರಿಗೂ ಸಲೀಸು, ನಮಗೂ ಸಲೀಸು” ಅನ್ನುತ್ತಾಳೆ. ಲೇಖನ ಕಳಿಸು ಎಂದು ಬೆನ್ನು ಹತ್ತಿದವಳೂ ಅವಳೇ. ಶನಿವಾರ, ರಜೆಯ ದಿನ, ಇವಳು ಪೆನ್ಸಿಲಕ್ಕನ ಮನೆಗೆ ಹೋಗಿ ಅವಳ ಗಂಡನ ದಿನವನ್ನು ಬರೆದುಕೊಂಡು ಬರುವಷ್ಟರಲ್ಲಿ ಪೆನ್ಸಿಲಕ್ಕ ಇವಳ ಮನೆಯಲ್ಲಿ ಗಂಡನದ್ದು, ಮಗಳದ್ದು ಮುಗಿಸಿ ಹೋಗಿಯಾಗಿತ್ತು. ಇವಳದನ್ನು ಅವತ್ತೇ ಬೆಳಿಗ್ಗೆ ಫೋನಿನಲ್ಲಿ ಕೇಳಿ ಬರೆದುಕೊಂಡಿದ್ದಳು. ಎಲ್ಲವೂ ಹಿಂದಿನ ದಿನದ, ಶುಕ್ರವಾರದ ಲೆಕ್ಕ.

ಸೋಮವಾರ ಬೆಳಿಗ್ಗೆ ಪೆನ್ಸಿಲಕ್ಕ ಮೂರೂ ಫಾರಂಗಳನ್ನು ಅವಳ ಮೇಜಿನ ಮೇಲೆ ಹರಡಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

“ಏನೇ, ನೀನು ಒಂದೇ ಹೊತ್ತಲ್ಲಿ ಎರಡು ಕಡೆ ಇರ್ತೀಯಲ್ಲ! ಹಂಗಿದ್ರೆ ಎರಡು ಸಂಬಳ ಕೇಳು.”

“ಏನಾಯ್ತಕ್ಕ?”

“ನೋಡಿಲ್ಲಿ. ಶುಕ್ರವಾರ ನಾಲ್ಕರಿಂದ ಏಳೂಕಾಲು, ನೀನು ಮಾರ್ಕೆಟ್ ಹಿಂದಿನ ಬೀದೀಲಿ ಹನ್ನೆರಡು ಮನೆ ಸುತ್ತಿದೀಯ. ನಿನ್ನ ಮಗಳ ಫಾರಂ ಪ್ರಕಾರ ಅದೇ ಹೊತ್ತಲ್ಲಿ ಮನೇಲಿದೀಯ. ‘ಅಮ್ಮನ ಜೊತೆ, ಅಮ್ಮನ ಜೊತೆ, ಅಮ್ಮನ ಜೊತೆ.’ ಏಳು ಸಾಲು! ನಾನು ಎರಡು ಸಲ ಕೇಳ್ದೆ. ಕಡ್ಡಿ ಮುರಿದ ಹಾಗೆ ಅದನ್ನೇ ಹೇಳಿದ್ಲು.” ಪೆನ್ಸಿಲಕ್ಕ ಅವಳ ಬೆನ್ನಿಗೊಂದು ಗುದ್ದು ಕೊಟ್ಟಳು. “ನಿನ್ನ ದೂರದ ಜೊತೆ ಕಣೇ! ನಿನ್ನ ಮನೇಲೇ ಸಾಕ್ಷಿ ಸಿಕ್ತು. ಇದನ್ನೂ ಆ ಪ್ರೊಫೆಸರಿಗೆ ಕಳಿಸು, ವಿಮಾನಾನೇ ಬಾಗಿಲಿಗೆ ಕಳಿಸ್ತಾರೆ.”

ಅವಳು ಫಾರಂ ಎತ್ತಿಕೊಂಡಳು. ಪೆನ್ಸಿಲಿನ ಗುಂಡು ಅಕ್ಷರಗಳಲ್ಲಿ ‘ಅಮ್ಮನ ಜೊತೆ’ ಒಂದರ ಕೆಳಗೊಂದು ಇಳಿದು ಬಂದಿತ್ತು. ಆ ದಿನವಿಡೀ ಬೀದಿಯಲ್ಲಿ ಅವಳ ಕಾಲು ನೆಲಕ್ಕೆ ತಾಗಲಿಲ್ಲ. ಹೋಗುತ್ತೇನೆ ಎಂದು ಬರೆದುಬಿಡಬೇಕು, ಇನ್ನು ಮೀನ ಮೇಷ ಎಣಿಸುವುದು ಸಾಕು ಅಂದುಕೊಂಡೇ ಮನೆಯ ಮೆಟ್ಟಿಲು ಹತ್ತಿದಳು.

ಮಗಳು ಎಂದಿನಂತೆ ಮೇಜಿನ ಮುಂದೆ ಪುಸ್ತಕ ತೆರೆದು ಕೂತಿದ್ದಳು. ಅವಳು ಚಪ್ಪಲಿ ಬಿಚ್ಚದೆಯೇ ಹೋಗಿ ಹಿಂದಿನಿಂದ ತಬ್ಬಿಕೊಂಡಳು.

“ಆಫೀಸಿನ ಆಂಟಿ ಬಂದಿದ್ರಲ್ಲ, ಸಂಜೆ ಎಲ್ಲ ಅಮ್ಮನ ಜೊತೆ ಇದ್ದೆ ಅಂದ್ಯಂತೆ?”

“ಹೂಂ.”

“ಯಾಕೆ ಹಾಗನ್ಸಿತು ಪುಟ್ಟ?”

ಕಡ್ಡಿ ತಿರುಗಿ ನೋಡಿದಳು. ಇದೇನು ಪರೀಕ್ಷೆಯೋ ಎಂಬಂತೆ ಹುಬ್ಬು ಗಂಟಿಕ್ಕಿದಳು. “ನೀನೇ ಹೇಳ್ಕೊಟ್ಟಿದ್ದಲ್ವಾ? ಯಾರು ಕೇಳಿದ್ರೂ ಒಬ್ಳೇ ಇದೀನಿ ಅನ್ಬಾರ್ದು, ಅಮ್ಮ ಒಳಗಿದಾಳೆ, ಸ್ನಾನ ಮಾಡ್ತಿದಾಳೆ ಅನ್ಬೇಕು ಅಂತ. ಅವರು ಏಳು ಸಲ ಕೇಳಿದ್ರು. ಏಳು ಸಲಾನೂ ಸ್ನಾನ ಅಂದ್ರೆ ನಂಬಲ್ಲ ಅಂತ ಬರೀ ಅಮ್ಮನ ಜೊತೆ ಅಂದೆ. ಸರಿ ತಾನೇ?”

“ಅವರು ನಮ್ಮೋರೇ ಅಲ್ವಾ ಕಡ್ಡಿ?”

“ಗೊತ್ತಿರೋರಿಗೂ ಹೇಳ್ಬಾರ್ದು ಅಂದಿದ್ದೆ. ಗೊತ್ತಿರೋರಿಗಂತೂ ಹೇಳ್ಲೇಬಾರ್ದು ಅಂದಿದ್ದೆ.”

ಅಂದಿದ್ದು ನಿಜ. ಎರಡು ವರ್ಷದ ಹಿಂದೆ, ಮಗಳ ಕುತ್ತಿಗೆಗೆ ಮೊದಲ ಸಲ ಬೀಗದ ಕೈ ಕಟ್ಟಿದ ದಿನ, ಬಾಗಿಲ ಎರಡೂ ಬದಿಗೆ ನಿಂತು ಅವರಿಬ್ಬರೂ ಅದನ್ನು ಹತ್ತು ಸಲ ಅಭ್ಯಾಸ ಮಾಡಿದ್ದರು. ಅವಳು ಹೊರಗೆ ನಿಂತು ಗಡಸು ದನಿಯಲ್ಲಿ “ಮನೇಲಿ ಯಾರಿದ್ದೀರಿ?” ಅನ್ನುವುದು, ಒಳಗಿನಿಂದ ಕಡ್ಡಿ “ಅಮ್ಮ ಸ್ನಾನ ಮಾಡ್ತಿದಾಳೆ” ಅನ್ನುವುದು. ತಪ್ಪಿಲ್ಲದೆ ಹೇಳಿದ್ದಕ್ಕೆ ಅವತ್ತು ಮುತ್ತು ಕೊಟ್ಟಿದ್ದಳು.

ಅವಳು ಕುರ್ಚಿ ಎಳೆದು ಮಗಳ ಎದುರು ಕೂತಳು. ಏನು ಕೇಳಬೇಕೆಂದು ತಿಳಿಯದೆ, ಗೊತ್ತಿದ್ದ ಒಂದೇ ರೀತಿಯಲ್ಲಿ ಕೇಳಿದಳು.

“ನಾಲ್ಕು ಗಂಟೆಗೆ ಏನು ಮಾಡ್ತೀಯ?”

“ಒಳಗೆ ಬಂದು ಚಿಲಕ ಹಾಕ್ತೀನಿ. ಮಂಚದ ಕೆಳಗೆ, ಬಾಗಿಲ ಹಿಂದೆ ನೋಡ್ತೀನಿ.”

“ಯಾಕೆ?”

“ಯಾರೂ ಇಲ್ಲ ಅಂತ.”

“ನಾಲ್ಕೂವರೆಗೆ?”

“ನೀನು ಮುಚ್ಚಿಟ್ಟಿದ್ದನ್ನ ತಿಂತೀನಿ. ಅರ್ಧ. ಇನ್ನರ್ಧ ಆರು ಗಂಟೆಗೆ ಇಟ್ಕೋತೀನಿ, ಆವಾಗ್ಲೂ ಏನಾದ್ರೂ ಮಾಡೋಕಿರ್ಲಿ ಅಂತ.”

“ಐದಕ್ಕೆ ನಾನು ಫೋನ್ ಮಾಡ್ತೀನಿ.”

“ಹೂಂ. ಒಂದು ನಿಮಿಷ.” ಕಡ್ಡಿ ಮುಂದುವರಿಸಿದಳು, “ಆಮೇಲೆ ಯಾರಾದ್ರೂ ಬೆಲ್ ಮಾಡಿದ್ರೆ ಓಡಿ ಹೋಗಿ ಬಚ್ಚಲಲ್ಲಿ ನಲ್ಲಿ ಬಿಡ್ತೀನಿ. ಸದ್ದು ಕೇಳ್ಬೇಕಲ್ಲ? ಅವರು ಮೆಟ್ಟಿಲು ಇಳಿದ ಮೇಲೆ ನಿಲ್ಲಿಸ್ತೀನಿ. ನೀರು ದಂಡ ಮಾಡಲ್ಲಮ್ಮ, ಬಕೆಟ್ ಇಟ್ಟಿರ್ತೀನಿ.”

“ಆರಕ್ಕೆ?”

“ಆಡ್ತೀನಿ. ಆರೂವರೆಗೆ ಎಲ್ಲಾ ಲೈಟು ಹಾಕ್ತೀನಿ. ಏಳಕ್ಕೆ ಬಾಗಿಲ ಹತ್ರ ಕೂತ್ಕೋತೀನಿ.”

“ಬಾಗಿಲ ಹತ್ರ ಯಾಕೆ? ನಾನು ಬಂದಾಗ ನೀನು ಇಲ್ಲಿ ಕೂತು ಓದ್ತಾ ಇರ್ತೀಯಲ್ಲ?”

“ನಿನ್ನ ಚಪ್ಪಲಿ ಸದ್ದು ಎರಡನೇ ಮಹಡಿಯಿಂದಾನೇ ಕೇಳುತ್ತೆ. ಕೇಳಿದ ತಕ್ಷಣ ಓಡಿ ಬಂದು ಕೂತ್ಕೋತೀನಿ.” ಕಡ್ಡಿ ಪುಸ್ತಕದ ಅಂಚು ಮಡಿಸುತ್ತ ಸಣ್ಣಗೆ ಹೇಳಿದಳು. “ಬಾಗಿಲಲ್ಲಿ ನೋಡಿದ್ರೆ ನಿನ್ನ ಮುಖ ಒಂಥರಾ ಆಗ್ಬಿಡುತ್ತೆ.”

ಅವಳ ಮುಖ ಈಗ ಏನಾಯಿತೋ, ಮಗಳು ನೋಡದಿರಲೆಂದು ಎದ್ದು ಅಡುಗೆಮನೆಗೆ ಹೋದಳು. ಒಲೆ ಹಚ್ಚಿದಳು, ಮೇಲೆ ಏನೂ ಇಡಲಿಲ್ಲ. ಉರಿ ನೋಡುತ್ತ ನಿಂತವಳಿಗೆ ಆ ಇನ್ನೂರ ಮೂರು ಮನೆಗಳು ನೆನಪಾದವು. ಅವುಗಳಲ್ಲಿ ಎಷ್ಟೋ ಬಾಗಿಲುಗಳನ್ನು ಅವಳೇ ತಟ್ಟಿದ್ದಳು. ಎಷ್ಟು ಸಲ ಒಳಗಿನಿಂದ ಒಂದು ಸಣ್ಣ ಧ್ವನಿ “ಅಮ್ಮ ಸ್ನಾನ ಮಾಡ್ತಿದಾಳೆ” ಅಂದಿಲ್ಲ! ‘ತಾಯಿ ಸ್ನಾನದಲ್ಲಿ, ಮತ್ತೆ ಬರುವುದು’ ಎಂದು ಎಷ್ಟು ಸಲ ಗುರುತು ಹಾಕಿಕೊಂಡು ಮುಂದಿನ ಮನೆಗೆ ನಡೆದಿಲ್ಲ! ಈ ಊರಿನ ಹೆಂಗಸರು ಸಂಜೆಯೆಲ್ಲ ಬಚ್ಚಲಲ್ಲೇ ಇರ್ತಾರೆ ನೋಡು ಎಂದು ಆಫೀಸಿನಲ್ಲಿ ನಗೆಯಾಡಿದ್ದೂ ಉಂಟು. ನಕ್ಕವರಲ್ಲಿ ಅವಳೂ ಒಬ್ಬಳು. ಮನೆಯಲ್ಲಿ ತಾನೇ ಹೇಳಿಕೊಟ್ಟ ಮಾತು ಬೇರೆ ಮನೆಯ ಬಾಗಿಲ ಹಿಂದಿನಿಂದ ಬಂದಾಗ ಅವಳ ಕಿವಿಗೆ ಗುರುತು ಸಿಕ್ಕಿರಲಿಲ್ಲ.

ದೂರದ ಜೊತೆ ಅಂತೆ. ಮಕ್ಕಳು ಒಬ್ಬರೇ ಇದ್ದರು, ಅಷ್ಟೇ. ಒಬ್ಬರೇ ಇದ್ದೇವೆಂದು ಹೇಳಬಾರದೆಂದು ಇನ್ನೂರ ಮೂರು ತಾಯಂದಿರು, ಒಬ್ಬರಿಗೊಬ್ಬರು ಪರಿಚಯವಿಲ್ಲದವರು, ತಂತಮ್ಮ ಬಾಗಿಲುಗಳ ಹಿಂದೆ ಒಂದೇ ಪಾಠ ಕಲಿಸಿದ್ದರು. ಅದಕ್ಕೆ ಅವಳು ಪ್ರೀತಿಯ ಹೆಸರಿಟ್ಟು ಮೂವತ್ತು ಪುಟ ಬರೆದಿದ್ದಳು. ಬರೆದು ಸೀಟು ಗಿಟ್ಟಿಸಿದ್ದಳು.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಪೆನ್ಸಿಲಕ್ಕನಿಗೆ ಹೇಳಿದಳು. ಪೆನ್ಸಿಲಕ್ಕ ಬಾಯಿಗೆ ಒಯ್ದ ತುತ್ತನ್ನು ಮತ್ತೆ ಡಬ್ಬಿಗೇ ಹಾಕಿದಳು.

“ನನ್ನ ಮಕ್ಕಳೂ ಅದನ್ನೇ ಅಂತಿದ್ರು ಕಣೇ,” ಅಂದಳು. “ನಾನು ‘ಅಮ್ಮ ಮಲಗಿದಾಳೆ’ ಅಂತ ಹೇಳ್ಕೊಟ್ಟಿದ್ದೆ. ಅಷ್ಟೇ ವ್ಯತ್ಯಾಸ.”

“ಮತ್ತೆ ನಂಗೆ ಹೇಳ್ಲೇ ಇಲ್ಲ?”

“ನಂಗೆ ಹೊಳೆದಿದ್ರೆ ತಾನೇ! ನೀನು ಬರೆದಿದ್ದು ಓದಿದಾಗ ಎಷ್ಟು ಸಮಾಧಾನ ಆಗಿತ್ತು ಗೊತ್ತಾ. ಇಪ್ಪತ್ತೆರಡು ವರ್ಷ ನಾನು ಅವರ ಜೊತೇಲೇ ಇದ್ದೆ ಅಂತ ಯಾರೋ ಅಚ್ಚು ಹಾಕಿ ಕೊಟ್ಟಂಗಾಯ್ತು.” ಆಮೇಲೆ ಡಬ್ಬಿಯ ಮುಚ್ಚಳ ಹಾಕುತ್ತ, “ಈಗೇನು, ಅವರಿಗೆ ಬರೀಬೇಡ. ಯಾರು ಬಂದು ನೋಡ್ತಾರೆ? ಗೋದಾಮಲ್ಲಿ ಧೂಳು ತಿಂತಿರೋ ಫಾರಂ.”

“ನಂಗೆ ಗೊತ್ತಲ್ಲಕ್ಕ.”

“ಹೋಗೇ, ನಿನ್ನಂಥೋರು ಉದ್ಧಾರ ಆಗಲ್ಲ” ಅಂದಳು ಪೆನ್ಸಿಲಕ್ಕ. ಆದರೆ ಸಂಜೆಯ ಆರು ಮನೆಗಳನ್ನು ತಾನು ನೋಡಿಕೊಳ್ಳುತ್ತೇನೆಂದು ಇವಳ ಪಟ್ಟಿಯನ್ನು ಕಿತ್ತುಕೊಂಡು ಹೋದಳು.

ಅವಳು ಖಾಲಿ ಆಫೀಸಿನಲ್ಲಿ ಕೂತು ಪ್ರೊಫೆಸರಿಗೆ ಬರೆದಳು. ನನ್ನ ತೀರ್ಮಾನ ತಪ್ಪು. ಕಾರಣ ಹೀಗೆ ಹೀಗೆ. ಈ ಲೇಖನದ ಮೇಲೆ ಕೊಟ್ಟ ಸೀಟನ್ನು ನೀವು ಹಿಂತೆಗೆದುಕೊಂಡರೆ ನನ್ನದೇನೂ ಆಕ್ಷೇಪವಿಲ್ಲ. ಕಳಿಸಿದ ಮೇಲೆ ತಲೆಯ ಭಾರ ಇಳಿದಂತಾಯಿತು. ಹಿಂತೆಗೆದುಕೊಳ್ಳುತ್ತಾರೆ, ನಾನು ಇಲ್ಲೇ ಉಳಿಯುತ್ತೇನೆ. ಮಗಳನ್ನು ಬಿಟ್ಟುಹೋದವಳು ಅಂತಲೂ ಅಲ್ಲ, ಹೋಗದೆ ಕೊರಗಿದವಳು ಅಂತಲೂ ಅಲ್ಲ. ಯಾರೋ ಬಾಗಿಲು ಹಾಕಿದರು, ಅಷ್ಟೇ ಆಗುತ್ತದೆ. ಹಾಗಾಗಲಿ ಎಂದು ತಾನು ಹಾರೈಸುತ್ತಿದ್ದೇನೆಂದೇ ಅವಳು ನಂಬಿದ್ದಳು.

ಗಂಡನಿಗೆ ಬುಧವಾರ ಬೆಳಿಗ್ಗೆ, ಮಗಳು ಶಾಲೆಗೆ ಹೋದ ಮೇಲೆ ಹೇಳಿದಳು. ಅವನು ಷೂ ಒರೆಸುತ್ತಿದ್ದವನು ಬ್ರಷ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ.

“ನಲ್ಲಿ ಬಿಡ್ತಾಳಾ?”

“ಹೂಂ.”

“ಏಳು ಗಂಟೆ ತನಕ ಒಬ್ಳೇ?”

“ನಿಮಗೆ ಗೊತ್ತಿರ್ಲಿಲ್ವಾ? ನಾನು ಬರೋದು ಏಳಕ್ಕೆ ಅಂತ ಗೊತ್ತಲ್ಲ.”

“ಗೊತ್ತು. ಆದ್ರೆ...” ಅವನು ಷೂ ಕೆಳಗಿಟ್ಟ. “ನೀನಿದೀಯಲ್ಲ ಅಂತ ಇದ್ದೆ. ಹೆಂಗೋ ನೋಡ್ಕೋತೀಯ ಅಂತ.”

ಡಿಪೋದಲ್ಲಿ ದಾಖಲೆ ವಿಭಾಗವೊಂದಿದೆ. ಬೆಳಿಗ್ಗೆ ಎಂಟರಿಂದ ಮೂರೂವರೆ. ನಾಲ್ಕು ವರ್ಷದಿಂದ ಅಲ್ಲಿಗೆ ಬಾ ಎಂದು ಕರೆಯುತ್ತಿದ್ದರು, ಇವನು ಒಪ್ಪಿರಲಿಲ್ಲ. ಗೇಟಿನಲ್ಲಿ ನಿಂತು, ಸೀಟಿ ಊದಿ, ಡ್ರೈವರುಗಳನ್ನು ಹೆಸರು ಹಿಡಿದು ಬೈದು ಬಸ್ಸು ಹೊರಡಿಸುವುದರಲ್ಲೇ ಅವನ ಜೀವ. ಕಡತದ ಜೊತೆ ಕೂತರೆ ನಾನೂ ಕಡತ ಆಗ್ತೀನಿ ಅನ್ನುತ್ತಿದ್ದ. ಆ ದಿನ ರಾತ್ರಿ ಊಟಕ್ಕೆ ಕೂತಾಗ, “ಒಂದನೇ ತಾರೀಖಿನಿಂದ ದಾಖಲೆ ವಿಭಾಗ. ನಾಲ್ಕಕ್ಕೆ ಮನೇಲಿರ್ತೀನಿ” ಅಂದ. ಅವಳಿಗೆ ಅವನ ಮೇಲೆ ಅಕ್ಕರೆಯೂ ಬಂತು, ಸಿಟ್ಟೂ ಬಂತು. ಇಷ್ಟು ಸುಲಭವಿತ್ತೇ? ಎರಡು ವರ್ಷ ಕೇಳದೆ ಇದ್ದದ್ದು ಅವಳು, ಹೇಳದೆ ಇದ್ದದ್ದು ಅವನು. ನಡುವೆ ಒಂದು ಮಗು ಬಚ್ಚಲಿಗೂ ಬಾಗಿಲಿಗೂ ಓಡಾಡಿತ್ತು.

ಹೋದರೂ ಇದ್ದರೂ ಇನ್ನು ಕಡ್ಡಿಯ ಸಂಜೆ ಒಂದೇ. ನಾಲ್ಕು ಗಂಟೆಗೆ ಅಪ್ಪ ಇರುತ್ತಾನೆ. ಉಳಿದರೆ ಅವಳು ಮುಂಚಿನಂತೆ ಏಳೂಕಾಲಿಗೆ ಬರುತ್ತಾಳೆ. ಕೆಲಸ ಬಿಡುವಂತಿಲ್ಲ, ಬಾಡಿಗೆಯ ಅರ್ಧ ಅವಳ ಸಂಬಳದ್ದು. ಓದಲು ಹೋದರೆ ಆಫೀಸು ಅರ್ಧ ಸಂಬಳದ ರಜೆ ಕೊಡುತ್ತದೆ. ಓದಿ ಬಂದರೆ ಬೀದಿ ತಪ್ಪಿ ಮೇಜಿನ ಕೆಲಸ ಸಿಗುತ್ತದೆ, ಸಂಜೆಗಳು ಅವಳವಾಗುತ್ತವೆ. ಆದರೆ ಅಷ್ಟು ಹೊತ್ತಿಗೆ ಚಪ್ಪಲಿ ಸದ್ದಿಗೆ ಕಿವಿಗೊಟ್ಟು ಕೂರುವ ಮಗು ಮನೆಯಲ್ಲಿರುವುದಿಲ್ಲ. ಹನ್ನೆರಡಕ್ಕೆ ಕಾಲಿಡುವ ಹುಡುಗಿ ಇರುತ್ತಾಳೆ, ಬಾಗಿಲು ಹಾಕಿಕೊಂಡು ಗೆಳತಿಯ ಜೊತೆ ಫೋನಿನಲ್ಲಿ. ಯಾವ ಕಡೆಯಿಂದ ಕೂಡಿಸಿದರೂ ಕಳೆದದ್ದು ಕೈಗೆ ಸಿಗುತ್ತಿರಲಿಲ್ಲ.

ಹನ್ನೊಂದನೆಯ ತಾರೀಖು ಪ್ರೊಫೆಸರರಿಂದ ಉತ್ತರ ಬಂತು. ಅವಳು ಆಗ ಯಾವುದೋ ಮನೆಯ ಜಗಲಿಯಲ್ಲಿ, ಒಳಗಿನವರು ಊಟ ಮುಗಿಸಲೆಂದು ಕಾಯುತ್ತಿದ್ದಳು. ‘ನೀವು ತಪ್ಪೆಂದು ಬರೆದ ಪತ್ರ ನಿಮ್ಮ ಲೇಖನಕ್ಕಿಂತ ದೊಡ್ಡದು. ಒಬ್ಬರೇ ಇರುವ ಮಕ್ಕಳು ಯಾವ ಲೆಕ್ಕದಲ್ಲೂ ಏಕೆ ಕಾಣುವುದಿಲ್ಲ ಎಂಬ ಪ್ರಶ್ನೆ ಹಿಡಿದೇ ಬನ್ನಿ. ಸೀಟು ನಿಮ್ಮದೇ.’

ಓದಿದ ಕ್ಷಣ ಅವಳಿಗೆ ಸಂತೋಷವಾಯಿತು. ಎದ್ದು ಕುಣಿಯಬೇಕೆನ್ನಿಸುವ ಸಂತೋಷ. ಮಗಳು ಹುಟ್ಟಿದಾಗ ಆದದ್ದಕ್ಕಿಂತ ಒಂದು ಗುಲಗಂಜಿಯೂ ಕಡಿಮೆಯಿರಲಿಲ್ಲ. ಇಷ್ಟು ದಿನ ಬಾಗಿಲು ಹಾಕಲಿ ಎಂದು ಬೇಡಿಕೊಂಡದ್ದೆಲ್ಲ ಬರೀ ಬಾಯಿಮಾತು. ಒಳಗೆ ಯಾರೋ ಬೇರೊಬ್ಬಳು, ಬಾಗಿಲು ತೆರೆಯಲೆಂದು ಕಿವಿಯಾನಿಸಿ ಕೂತಿದ್ದಳು. ಮಗಳ ಸಂಜೆಯ ಪಾಡು ತಿಳಿದು ನಾಲ್ಕು ದಿನವೂ ಆಗಿಲ್ಲ, ಅದು ಅವಳಿಗೆ ಒಂದು ಪ್ರಶ್ನೆಯಾಗಿ, ಒಂದು ಕೆಲಸವಾಗಿ, ಹೊರದೇಶಕ್ಕೆ ಹೋಗುವ ದಾರಿಯಾಗಿ ಸಂತೋಷ ಕೊಟ್ಟಿತ್ತು. ಅವಳು ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಮುಖ ಮುಚ್ಚಿಕೊಂಡು ಅತ್ತಳು. ಒಳಗಿನಿಂದ ಬಂದ ಹೆಂಗಸು ಗಾಬರಿಯಾಗಿ, “ಯಾಕಮ್ಮ, ಮನೇಲಿ ಏನಾದ್ರೂ...?” ಅಂದಳು.

“ಏನಿಲ್ಲ ಬಿಡಿ. ಒಳ್ಳೇ ಸುದ್ದಿ ಬಂತು.”

“ಒಳ್ಳೇ ಸುದ್ದಿಗೆ ಹಿಂಗಾ!” ಅಂದು ಆ ಹೆಂಗಸು ನೀರು ತಂದುಕೊಟ್ಟಳು.

ಇನ್ನೂ ಮೂರು ದಿನ ಅವಳು ಬರೆಯಲಿಲ್ಲ. ಸಂತೋಷ ಇಳಿಯಬಹುದೆಂದು ಕಾದಳು. ಇಳಿಯಲಿಲ್ಲ. ನಾಚಿಕೆಯೂ ಇಳಿಯಲಿಲ್ಲ. ಎರಡೂ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದವರ ಹಾಗೆ ಹೊಂದಿಕೊಂಡು ಇರತೊಡಗಿದವು. ಹದಿನಾಲ್ಕರಂದು ಮಧ್ಯಾಹ್ನ, ‘ಬರುತ್ತೇನೆ’ ಎಂದು ಬರೆದು ಕಳಿಸಿದಳು. ಪೆನ್ಸಿಲಕ್ಕ ಮೇಜಿನ ಆಚೆಯಿಂದ ನೋಡುತ್ತಿದ್ದವಳು ಹುಬ್ಬು ಎತ್ತಿದಳು. ಇವಳು ತಲೆಯಾಡಿಸಿದಳು. ಪೆನ್ಸಿಲಕ್ಕ ಇವಳ ಸಂಜೆಯ ಪಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಅರ್ಧ ದಿನದ ರಜೆ ಹಾಕಿ ಮನೆಗೆ ಬಂದಳು. ಮಗಳಿಗೆ ತಾನೇ, ಹಗಲಿನಲ್ಲೇ, ಎದುರು ಕೂತು ಹೇಳಬೇಕು. ಶಾಲೆಯಿಂದ ಬಂದ ಕಡ್ಡಿ ಬೀಗವಿಲ್ಲದ ಬಾಗಿಲು ಕಂಡು ಹೊಸ್ತಿಲಲ್ಲೇ ನಿಂತಳು. ಒಳಗಿರುವುದು ಅಮ್ಮ ಎಂದು ಖಾತ್ರಿಯಾದ ಮೇಲೆಯೇ ಕಾಲು ಒಳಗಿಟ್ಟಳು.

“ಜ್ವರಾನಾ ಅಮ್ಮ?”

“ಇಲ್ಲ. ನಿನ್ನ ಜೊತೆ ಮಾತಾಡೋಣ ಅಂತ ಬಂದೆ.”

ಹೇಳಿದಳು. ಎಲ್ಲಿಗೆ, ಏನು ಓದಲು, ಎಷ್ಟು ವರ್ಷ, ಅಪ್ಪ ಇನ್ನು ನಾಲ್ಕು ಗಂಟೆಗೇ ಮನೆಯಲ್ಲಿರುತ್ತಾನೆ ಅಂತ. ಹೇಳುವುದನ್ನು ಬಸ್ಸಿನಲ್ಲಿ ಹತ್ತು ರೀತಿಯಲ್ಲಿ ಕೂಡಿಸಿಕೊಂಡು ಬಂದಿದ್ದಳು. ಬಾಯಿಂದ ಬಂದದ್ದು ಹನ್ನೊಂದನೆಯ ರೀತಿಯಲ್ಲಿ, ತೊದಲಿ ತೊದಲಿ. ಕಡ್ಡಿ ಬಿಸ್ಕತ್ತನ್ನು ಹಾಲಿನಲ್ಲಿ ಅದ್ದಿ, ಮುರಿದು ಬೀಳುವ ಮೊದಲು ಬಾಯಿಗೆ ಹಾಕಿಕೊಳ್ಳುತ್ತ ಕೇಳಿದಳು.

“ನಾನೂ ಬರ್ಬಹುದಾ?”

“ಇಲ್ಲ ಪುಟ್ಟ. ಒಬ್ಬರಿಗೇ ಸಾಲೋಷ್ಟು ಕೊಡ್ತಾರೆ.”

“ಮಧ್ಯೆ ಬರ್ತೀಯಾ?”

“ಒಂದು ಸಲ ಬರ್ತೀನಿ. ರಜೇಲಿ.”

“ಒಂದೇ ಸಲಾನಾ?”

“ಹೂಂ.”

ಕಡ್ಡಿ ಅಳಲಿಲ್ಲ. ಅತ್ತಿದ್ದರೆ ಅವಳಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಲೋಟ ತೊಳೆದಿಟ್ಟು, ಕೈ ಒರೆಸಿಕೊಂಡು, ಬಂದು ಕೋಣೆಯ ನಡುವೆ ನಿಂತು ಗಡಿಯಾರ ನೋಡಿದಳು. ಐದೂವರೆ. ಕಿಟಕಿಯ ತನಕ ಹೋಗಿ ತಿರುಗಿ ಬಂದಳು. ಮತ್ತೆ ಹೋಗಿ ಬಂದಳು. ತುಟಿ ಅಲ್ಲಾಡುತ್ತಿತ್ತು, ದನಿ ಹೊರಡುತ್ತಿರಲಿಲ್ಲ.

“ಏನು ಕಡ್ಡಿ?”

“ಏನಿಲ್ಲ. ನಾನು ಈ ಹೊತ್ತಲ್ಲಿ ಕತೆ ಹೇಳ್ತೀನಿ.”

“ಯಾರಿಗೆ?”

“ಯಾರಿಗೂ ಇಲ್ಲ. ಹಂಗೇ ಹೇಳ್ಕೊಂಡು ಓಡಾಡ್ತೀನಿ. ತುಂಬಾ ದೊಡ್ಡ ಕತೆ, ಎರಡನೇ ಕ್ಲಾಸಿಂದ ನಡೀತಿದೆ.”

“ನಂಗೂ ಹೇಳು. ಇವತ್ತು ನಾನಿದೀನಲ್ಲ.”

ಕಡ್ಡಿ ಯೋಚಿಸಿದಳು. ಅಮ್ಮನ ಮನಸ್ಸು ನೋಯಿಸಬಾರದೆಂದು ಪ್ರಯತ್ನವನ್ನೂ ಮಾಡಿದಳು. “ಅವರು ಈಗ ದೋಣೀಲಿ...” ಎಂದು ಶುರು ಮಾಡಿ, ನಿಂತು, ಮತ್ತೆ “ಅವರು...” ಅಂದು, ಅಮ್ಮನ ಮುಖ ನೋಡಿ ಸುಮ್ಮನಾದಳು.

“ನೀನಿದ್ರೆ ಬರಲ್ಲಮ್ಮ” ಅಂದಳು ಸಂಕೋಚದಿಂದ. “ಸ್ವಲ್ಪ ಹೊತ್ತು ಅಡುಗೆಮನೇಲಿ ಇರ್ತೀಯಾ?”

“ಆಯ್ತು” ಅಂದಳು ಅವಳು.

ಅಡುಗೆಮನೆಗೆ ಹೋಗಿ ಬಾಗಿಲನ್ನು ಅರೆ ಮುಚ್ಚಿ, ಕಟ್ಟೆಗೆ ಒರಗಿ ನಿಂತಳು. ಮೊದಲು ಬರೀ ಹೆಜ್ಜೆಗಳ ಸದ್ದು ಕೇಳಿತು. ಆಮೇಲೆ ಸಣ್ಣ ದನಿಯೊಂದು ಏಳುತ್ತ ಬೀಳುತ್ತ, ಒಮ್ಮೆ ಗದರುತ್ತ, ಒಮ್ಮೆ ಪಿಸುಗುಟ್ಟುತ್ತ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದಾಡತೊಡಗಿತು. ಮಾತುಗಳು ತಿಳಿಯುತ್ತಿರಲಿಲ್ಲ. ಎರಡು ಹೆಜ್ಜೆ ಮುಂದಿಟ್ಟಿದ್ದರೆ ತಿಳಿಯುತ್ತಿತ್ತು. ಅವಳು ಇಡಲಿಲ್ಲ.